ಮೂರನೇ ಕೈ

ಕೀಲಿಯ ಗುಂಡಿಯನ್ನು ಏಳನೇ ಸಲ ಒತ್ತಿದಾಗಲೂ ಕಾರು ಕಣ್ಣು ಬಿಡಲಿಲ್ಲ. ಮಗಳು ಕೀಲಿಯನ್ನು ಅಂಗೈಗೆ ಎರಡು ಸಲ ಬಡಿದು, ಕಾರಿನ ಮೂತಿಯ ಹತ್ತಿರ ಹೋಗಿ ಮತ್ತೆ ಒತ್ತಿದಳು. ದೀಪವಿಲ್ಲ, ಸದ್ದಿಲ್ಲ. ಬಾಗಿಲಿನ ಹಿಡಿಕೆ ಎಳೆದರೆ ಅದೂ ಜಪ್ಪಯ್ಯ ಅನ್ನಲಿಲ್ಲ.

"ಅಪ್ಪಾ, ಇದು ಮತ್ತೆ ಕೈಕೊಡ್ತು ನೋಡು!"

ಬ್ಯಾಟರಿ ಯಜಮಾನರು ಬಾಗಿಲ ಮುಂದಿನ ಕುರ್ಚಿಯಲ್ಲಿ ಕೂತು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಕಾಲು ಗಂಟೆಯಿಂದ ಒಂದೇ ಪುಟ ಓದುತ್ತಿದ್ದರು. ಬೇರೆ ದಿನವಾಗಿದ್ದರೆ ಗಾಡಿ ಕೈಕೊಟ್ಟಿತು ಎನ್ನುವ ಮಾತು ಕಿವಿಗೆ ಬೀಳುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಓಡಿಬರುವ ಮನುಷ್ಯ. ನಲವತ್ತೆರಡು ವರ್ಷ ಬ್ಯಾಟರಿ ಅಂಗಡಿ ನಡೆಸಿದವರು. ಊರಿನ ಅರ್ಧ ಗಾಡಿಗಳ ಹೊಟ್ಟೆಯೊಳಗಿನ ಗುಟ್ಟು ಅವರಿಗೆ ಗೊತ್ತಿತ್ತು. ಆದರೆ ಈ ಹೊತ್ತು ಪತ್ರಿಕೆ ಇನ್ನಷ್ಟು ಮೇಲಕ್ಕೆ ಹೋಯಿತೇ ಹೊರತು ಕೆಳಗಿಳಿಯಲಿಲ್ಲ.

"ಕೇಳಿಸ್ತಾ ಅಪ್ಪ?"

"ಕೇಳಿಸ್ತು, ಕೇಳಿಸ್ತು. ಚಾರ್ಜಿಗೆ ಹಾಕೋದು ಮರೆತಿದ್ಯೇನೋ."

"ತರಬೇತಿಗೆ ಹೋಗೋ ಹಿಂದಿನ ದಿನ ನೂರಕ್ಕೆ ನೂರು ತುಂಬ್ಸಿಟ್ಟು ಹೋಗಿದ್ದೀನಿ. ಐದು ದಿನ ಮುಟ್ಟೋರಿಲ್ದೆ ನಿಂತಿದೆ. ಎಲ್ಲಿಗೆ ಹೋಗುತ್ತೆ ಚಾರ್ಜು?"

ಮುಟ್ಟೋರಿಲ್ಲದೆ ಎನ್ನುವ ಮಾತು ಪತ್ರಿಕೆಯ ಹಿಂದೆ ಇದ್ದವರಿಗೆ ನೆಟ್ಟಗೆ ಹೋಗಿ ನಾಟಿತು. ಅವರು ಓದದ ಪುಟವನ್ನೇ ಮಗುಚಿ ಹಾಕಿದರು.

ಮಂಡಿ, ಸೊಂಟ, ಭುಜ ಹಿಡಿದುಕೊಂಡವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ಮಗಳ ಕೆಲಸ. ಹನ್ನೊಂದು ಗಂಟೆಗೆ, ಹೊಸ ಮಂಡಿ ಹಾಕಿಸಿಕೊಂಡ ಫುಟ್‌ಬಾಲ್ ಕೋಚ್ ಒಬ್ಬರು ಅವಳಿಗಾಗಿ ಕಾಯುತ್ತಿದ್ದರು. ಐದು ನಿಮಿಷ ತಡವಾದರೂ ಸೀಟಿ ಊದುವ ಮನುಷ್ಯ. ಈಗ ಒಂಬತ್ತೂವರೆ. ಮಗಳು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಾ ಕಾರಿನ ಕಂಪನಿಗೆ ಫೋನು ಮಾಡಿದಳು, ಸಂಖ್ಯೆ ಹೇಳಿದಳು, ವಿಳಾಸ ಹೇಳಿದಳು, ಕೊನೆಗೆ ನಿಟ್ಟುಸಿರು ಬಿಟ್ಟು ಫೋನು ಇಟ್ಟಳು.

"ಹೋದ ತಿಂಗಳು ಬಂದಿದ್ರಲ್ಲ, ಅದೇ ಟೆಕ್ನಿಷಿಯನ್ ಬರ್ತಾರಂತೆ. ಹೊಸ ಬ್ಯಾಟರಿ ತಗೊಂಡೇ ಬರ್ತಾರೆ. ಹಳೇದು ಕಿತ್ತು ಬಿಸಾಕಿದ್ರೆ ಈ ರಗಳೆ ಮುಗೀತು."

ಪತ್ರಿಕೆ ಈಗ ಕೆಳಗಿಳಿಯಿತು. "ಕೀಳೋದ್ಯಾಕೆ? ಹೊರಗಿಂದ ಸ್ವಲ್ಪ ಕರೆಂಟು ಕೊಟ್ಟು ಎಬ್ಬಿಸಿದ್ರೆ ಸಾಕು."

"ಹೋದ ತಿಂಗಳು ಎಬ್ಬಿಸಿದ್ದಾಯ್ತಲ್ಲ. ಇನ್ನೊಂದ್ಸಲ ಮಲಗಿದ್ರೆ ಬದಲಾಯಿಸ್ಲೇಬೇಕು ಅಂತ ಆವತ್ತೇ ಹೇಳಿದ್ರು. ನೀನೂ ಪಕ್ಕದಲ್ಲಿ ನಿಂತ್ಕೊಂಡು ದೊಡ್ಡದಾಗಿ ತಲೆ ಆಡಿಸಿದ್ದೆ."

ಆಡಿಸಿದ್ದು ನಿಜ. ಬೇರೆಯವರ ಬ್ಯಾಟರಿಯಾಗಿದ್ದರೆ ತಾವೂ ಅದನ್ನೇ ಹೇಳುತ್ತಿದ್ದರು.

ಮೈತುಂಬ ಬ್ಯಾಟರಿಯೇ ಇರುವ ಗಾಡಿ ಬ್ಯಾಟರಿ ಸತ್ತು ನಿಲ್ಲುವುದೆಂದರೆ ಕೇಳಿದವರಿಗೆ ತಮಾಷೆ. ಯಜಮಾನರಿಗೂ ಮೊದಮೊದಲು ಈ ಕರೆಂಟಿನ ಕಾರಿನ ಸಂಗತಿ ಗೊತ್ತಿರಲಿಲ್ಲ. ಆರು ವರ್ಷದ ಹಿಂದೆ ಹೆಂಡತಿ ಇದನ್ನು ತಂದು ಮನೆ ಮುಂದೆ ನಿಲ್ಲಿಸಿದ ದಿನ ಅವರು ಮುಖ ಊದಿಸಿಕೊಂಡು ಒಳಗೇ ಕೂತಿದ್ದರು. ಇಂಜಿನ್ನಿಲ್ಲದ, ಹೊಗೆಯಿಲ್ಲದ, ತಮ್ಮಂಥವರ ಹೊಟ್ಟೆ ಮೇಲೆ ಹೊಡೆಯುವ ಗಾಡಿ ಎಂಬ ಸಿಟ್ಟು. ಹೆಂಡತಿಯನ್ನು ಬೀದಿಯವರೆಲ್ಲ ಟೀಚರಮ್ಮ ಅನ್ನುತ್ತಿದ್ದರು. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವಳು. ಕೇಳಿ ಕೇಳಿ ಯಜಮಾನರ ಬಾಯಲ್ಲೂ ಅದೇ ಕೂತುಬಿಟ್ಟಿತ್ತು. ಆ ದಿನ ಟೀಚರಮ್ಮ ಗಂಡನ ಮುನಿಸಿಗೆ ಸೊಪ್ಪು ಹಾಕದೆ ತಾನೇ ಬಾನೆಟ್ಟು ಎತ್ತಿ, ಒಳಗೆ ಬಗ್ಗಿ ನೋಡಿ, ಬೀದಿಗೆಲ್ಲ ಕೇಳುವಂತೆ ಕೂಗಿದ್ದಳು.

"ರೀ, ಬನ್ನಿ ಹೊರಗೆ! ನಿಮ್ಮ ನೆಂಟರು ಸಿಕ್ಕಿದ್ರು!"

ಮೂಲೆಯಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಕೆಳಗೆ, ಟಿಫಿನ್ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಹನ್ನೆರಡು ವೋಲ್ಟಿನ ಹಳೇ ಕಾಲದ ಬ್ಯಾಟರಿ ಕೂತಿತ್ತು. ಯಜಮಾನರ ಮುಖ ಅರಳಿತು. ಆಮೇಲೆ ಅರ್ಧ ಗಂಟೆ ಅವರೇ ಹೆಂಡತಿಗೆ ಪಾಠ ಮಾಡಿದರು. ಗಾಡಿ ಓಡಿಸುವುದು ಹೊಟ್ಟೆಯಡಿಯ ದೊಡ್ಡ ಬ್ಯಾಟರಿ, ಒಪ್ಪಿದೆ. ಆದರೆ ಬಾಗಿಲು ತೆಗೆಯಲು, ದೀಪ ಹಚ್ಚಲು, ಒಳಗಿನ ಕಂಪ್ಯೂಟರಿಗೆ ಕರೆಂಟು ಕೊಡಲು, ಕೊನೆಗೆ ಆ ದೊಡ್ಡದನ್ನು ನಿದ್ದೆಯಿಂದ ಎಬ್ಬಿಸಲು ಈ ಚಿಕ್ಕದೇ ಬೇಕು. ಇದು ಸತ್ತರೆ ಅದು ತುಂಬಿದ್ದೂ ಪ್ರಯೋಜನವಿಲ್ಲ.

"ನಮ್ಮನೆ ಥರಾನೇ ಅನ್ನಿ," ಎಂದಿದ್ದಳು ಟೀಚರಮ್ಮ. "ದೊಡ್ಡೋರು ನೀವು. ದಿನಾ ಎಬ್ಬಿಸೋಳು ನಾನು."

ಎಬ್ಬಿಸುವವಳು ಹೋಗಿ ಹನ್ನೊಂದು ತಿಂಗಳಾಗಿತ್ತು. ಮೂರು ವಾರ ಮಲಗಿದ್ದಳು, ಅಷ್ಟೆ.

ಊರಿನ ಗಾಡಿಗಳಿಗೆಲ್ಲ ಜೀವ ತುಂಬಿದ ಯಜಮಾನರು ಜನ್ಮದಲ್ಲಿ ಒಂದು ಗಾಡಿ ಓಡಿಸಿದವರಲ್ಲ. ಓಡಿಸುತ್ತಿದ್ದುದು ಟೀಚರಮ್ಮ. ಐವತ್ತೈದನೇ ವಯಸ್ಸಿನಲ್ಲಿ ಹಟ ಹಿಡಿದು ಕಲಿತಿದ್ದಳು. ಅವಳು ಕುಳ್ಳಿ. ಹಳೇ ಕಾರಿನಲ್ಲಿ ಎರಡು ದಿಂಬು ಹಾಕಿಕೊಂಡು ಕೂರುತ್ತಿದ್ದಳು, ಎದುರಿನಿಂದ ಬರುವವರಿಗೆ ಕಾರು ತಾನೇ ಓಡಿಬರುತ್ತಿದೆ ಎನ್ನಿಸುತ್ತಿತ್ತು. ಈ ಕಾರಿನ ಸೀಟಿಗೆ ಮೋಟಾರು ಇತ್ತು. ಒಬ್ಬೊಬ್ಬರು ಕೂರುವ ರೀತಿಯನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಬಾಗಿಲಿನ ಒಳಬದಿಯಲ್ಲಿ ಒಂದು, ಎರಡು, ಮೂರು ಎಂದು ಬರೆದ ಗುಂಡಿಗಳು. ಟೀಚರಮ್ಮ ಇಡೀ ಒಂದು ಮಧ್ಯಾಹ್ನ ಕೂತು, ಬೆರಳಷ್ಟು ಮುಂದೆ, ಇನ್ನು ಕೂದಲೆಳೆಯಷ್ಟು ಮೇಲೆ ಅನ್ನುತ್ತಾ, ತನ್ನ ಜಾಗ ಹುಡುಕಿಕೊಂಡಿದ್ದಳು. "ಒಂದು ಮಗಳಿಗೆ, ಅವಳು ಉದ್ದ. ಎರಡು ನನಗೆ. ಮೂರು ನಿಮಗೆ, ನೀವು ಕಲಿತ ದಿನ," ಎಂದು ಹಂಚಿದ್ದಳು. ಮೂರನೆಯದು ಖಾಲಿಯೇ ಉಳಿಯಿತು.

ಅವಳು ಹೋಗಿ ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಯಜಮಾನರು ಅವಳ ಕನ್ನಡಕದ ಡಬ್ಬಿ ಕಾರಿನಲ್ಲಿದೆಯೇನೋ ಎಂದು ಹುಡುಕಲು ಹೋದರು. ಡಬ್ಬಿ ಸಿಗಲಿಲ್ಲ. ತಮ್ಮ ಮಾಮೂಲಿ ಜಾಗದಲ್ಲಿ, ಅಂದರೆ ಓಡಿಸುವವರ ಪಕ್ಕದ ಸೀಟಿನಲ್ಲಿ, ಸುಮ್ಮನೆ ಕೂತರು. ಏನನ್ನಿಸಿತೋ, ಆ ಕಡೆಗೆ ಬಾಗಿ ಕೈಚಾಚಿ ಎರಡನೇ ಗುಂಡಿ ಒತ್ತಿದರು. ಮಗಳ ಅಳತೆಗೆ ಹಿಂದೆ ಸರಿದಿದ್ದ ಸೀಟು ಗುಂಯ್ ಎಂದು ಹೊರಟಿತು. ಮುಂದೆ ಬಂತು, ಮೇಲೆದ್ದಿತು, ಬೆನ್ನು ನೆಟ್ಟಗೆ ಮಾಡಿತು. ಹೊರಗಿನ ಕನ್ನಡಿಗಳು ಅವಳ ಕಣ್ಣಿನ ಎತ್ತರಕ್ಕೆ ಬಾಗಿದವು. ಶಾಲೆಗೆ ಹೊತ್ತಾಯಿತು ಎಂದು ಈಗ ಇಳಿದು ಬೀಗ ತರಲು ಹೋಗಿದ್ದಾಳೆ, ಬಂದು ಕೂರುತ್ತಾಳೆ, ಅಷ್ಟೇ ಅನ್ನಿಸಿತು. ಯಜಮಾನರು ಅವತ್ತು ಅಲ್ಲೇ ಕೂತು ಅತ್ತರು. ಅತ್ತ ಮೇಲೆ ಮನಸ್ಸು ಹಗುರಾಯಿತು.

ಅಂದಿನಿಂದ ಮಗಳು ಊಟಕ್ಕೆ ಬಂದು ಮಲಗಿದ ಹೊತ್ತು, ಅಥವಾ ನಡೆದೇ ಹೋಗಿಬರುವ ದಿನ, ಅವರು ಕಾರಿನಲ್ಲಿ ಕೂರುವುದು ರೂಢಿಯಾಯಿತು. ರೇಡಿಯೋ ಸಣ್ಣಗೆ ಹಾಕಿಕೊಳ್ಳುವರು. ಏಳುವಾಗ ಮರೆಯದೆ ಒಂದನೇ ಗುಂಡಿ ಒತ್ತಿ ಸೀಟನ್ನು ಮಗಳ ಜಾಗಕ್ಕೆ ಕಳಿಸುವರು. ಮಗಳು ಊರಲ್ಲಿಲ್ಲದ ಈ ಐದು ದಿನವಂತೂ ಕೇಳುವವರಿರಲಿಲ್ಲ. ಮೂರು ಮೂರು ಗಂಟೆ ಕೂತರು. ನಿನ್ನೆ ಎದುರುಮನೆಯ ಹೊಲಿಗೆಯಾಕೆ ಕಿಟಕಿಯಲ್ಲಿದ್ದಳೆಂದು ಕಾರಿನ ಬಾಗಿಲನ್ನು ಸದ್ದಾಗದಂತೆ ಮೆಲ್ಲಗೆ ಒತ್ತಿ ಬಂದರು. ಅದು ಪೂರ್ತಿ ಕೂತಿರಲಿಲ್ಲವೆಂದು, ಒಳಗಿನ ದೀಪ ರಾತ್ರಿಯಿಡೀ ಉರಿದಿರಬೇಕೆಂದು, ಈಗ ಹೊಳೆಯಿತು.

ತಮಾಷೆಯೆಂದರೆ, ಅವರ ಅಂಗಡಿಯ ಗೋಡೆಯ ಮೇಲೆ ಅವರೇ ಬರೆಸಿದ್ದ ಬೋರ್ಡೊಂದಿತ್ತು: ಗಾಡಿ ನಿಲ್ಲಿಸಿಕೊಂಡು ಹಾಡು ಕೇಳುವವರಿಗೆ ಇಲ್ಲಿ ಕನಿಕರವಿಲ್ಲ. ಎಷ್ಟು ಜನರನ್ನು ಆ ಬೋರ್ಡಿನ ಕೆಳಗೆ ನಿಲ್ಲಿಸಿ ಬೆವರಿಳಿಸಿದ್ದರೋ ಲೆಕ್ಕವಿಲ್ಲ.

ಟೆಕ್ನಿಷಿಯನ್ ಹತ್ತಕ್ಕೆ ಸರಿಯಾಗಿ ಬಂದಳು. ಮೂವತ್ತೈದರ ಹೆಂಗಸು, ತೋಳು ಮಡಚಿದ ನೀಲಿ ಅಂಗಿ, ಸೊಂಟದಲ್ಲಿ ಉಪಕರಣಗಳ ಚೀಲ. ಕೀಲಿಯ ಹೊಟ್ಟೆಯೊಳಗೆ ಅಡಗಿದ್ದ ಸಣ್ಣ ಲೋಹದ ಕೀಲಿ ಹೊರಗೆಳೆದು ಬಾಗಿಲು ತೆಗೆದಳು, ಬಾನೆಟ್ಟು ಎತ್ತಿದಳು, ಮೀಟರಿನ ಎರಡು ಮೊನೆಗಳನ್ನು ಬ್ಯಾಟರಿಗೆ ಮುಟ್ಟಿಸಿದಳು. ಯಜಮಾನರು ಅಷ್ಟರಲ್ಲಿ ಪಕ್ಕಕ್ಕೆ ಬಂದು ನಿಂತಾಗಿತ್ತು.

"ಒಂಬತ್ತು ವೋಲ್ಟು. ಇದರ ಕಥೆ ಮುಗೀತು ಸಾರ್. ಪಕ್ಕ ನೋಡಿ, ಊದ್ಕೊಂಡಿದೆ."

ಯಜಮಾನರು ಬ್ಯಾಟರಿಯ ಪಕ್ಕೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಊದಿಕೊಂಡಿತ್ತು. ಅದಕ್ಕಾಗಿ ವಾದ ಮಾಡಿದರೆ ನಲವತ್ತೆರಡು ವರ್ಷದ ಕಸುಬಿಗೆ ಅವಮಾನ. ಅವರು ಬೇರೆಯದನ್ನೇ ಕೇಳಿದರು.

"ಇದನ್ನ ತೆಗೆದು ಅದನ್ನ ಹಾಕೋ ನಡುವೆ ಕರೆಂಟು ಪೂರ್ತಿ ಕಟ್ ಆಗುತ್ತಲ್ಲಮ್ಮ. ಆಗ ಗಾಡಿ ನೆನಪಿಟ್ಕೊಂಡಿರೋದೆಲ್ಲ ಏನಾಗುತ್ತೆ?"

"ರೇಡಿಯೋದಲ್ಲಿ ಹಾಕ್ಕೊಂಡಿರೋ ಸ್ಟೇಷನ್ನು, ಸೀಟು, ಕನ್ನಡಿ, ಅದೆಲ್ಲ ಹೋಗುತ್ತೆ ಸಾರ್. ಈಗಿನ ಗಾಡಿಗಳಲ್ಲಿ ಉಳಿಯುತ್ತೆ, ಈ ಮಾಡೆಲ್‌ನಲ್ಲಿ ಇಲ್ಲ."

"ಈಗ್ಲೇ ಹೋಗಿರುತ್ತಾ?"

"ಒಂಬತ್ತರಲ್ಲಿ ಇರುತ್ತೆ. ಆರು, ಏಳಕ್ಕೆ ಇಳಿದ್ರೆ ಆಸೆ ಬಿಡಬೇಕು. ಅದಕ್ಯಾಕೆ ಅಷ್ಟು ಯೋಚ್ನೆ? ಮತ್ತೆ ಸೆಟ್ ಮಾಡ್ಕೊಂಡ್ರೆ ಎರಡು ನಿಮಿಷದ ಕೆಲಸ." ಅವಳು ಸ್ಪ್ಯಾನರು ತೆಗೆದು ಟರ್ಮಿನಲ್ಲಿನ ನಟ್ಟಿಗೆ ಕೂರಿಸಿದಳು.

ಯಜಮಾನರ ಕೈ ಅವರನ್ನು ಕೇಳದೆ ಹೋಗಿ ಬ್ಯಾಟರಿಯ ಮೇಲೆ ಕೂತಿತು.

"ಬಿಚ್ಚಬೇಡಮ್ಮ."

"ಅಪ್ಪ!" ಮಗಳು ಗಡಿಯಾರ ನೋಡಿಕೊಂಡಳು. "ಏನು ನಿಂದು? ಬಿಚ್ಚದೆ ಹೆಂಗೆ ಹಾಕ್ತಾರೆ?"

"ಸ್ವಲ್ಪ ತಡೀಲಿ. ದಾರಿ ಇದೆ."

"ಆ ಕೋಚ್ ನನ್ನ ಮೈದಾನದಿಂದ ಹೊರಗೆ ಹಾಕ್ತಾರೆ ಅಷ್ಟೆ. ಸೀಟು ತಾನೇ? ನಾನು ಸೆಟ್ ಮಾಡ್ಕೋತೀನಿ. ಏನು ಮಹಾ!"

"ನಿಂದು ನೀನು ಮಾಡ್ಕೋತೀಯ." ಯಜಮಾನರು ಕೈ ತೆಗೆಯಲಿಲ್ಲ. ಮಾತು ಬಾನೆಟ್ಟಿನೊಳಗೆ ಬಗ್ಗಿ ಹೇಳಿದಂತಿತ್ತು. "ಎರಡನೇದನ್ನ ಯಾರು ಬಂದು ಮಾಡ್ತಾರೆ?"

ಟೆಕ್ನಿಷಿಯನ್ ಒಮ್ಮೆ ಇವರನ್ನು, ಒಮ್ಮೆ ಮಗಳನ್ನು ನೋಡಿ, ಸ್ಪ್ಯಾನರನ್ನು ಸದ್ದಾಗದಂತೆ ಹೊರಗೆಳೆದುಕೊಂಡಳು.

"ಬ್ಯಾಟರಿ ಇಳಿಸಿದ ಕಳ್ಳ ನಾನೇ," ಎಂದರು ಯಜಮಾನರು. ಒಂದು ಸಲ ಬಾಯಿಬಿಟ್ಟ ಮೇಲೆ ಮುಚ್ಚಿಡುವುದೇನು ಎಂದು ಉಳಿದದ್ದನ್ನೂ ಹೇಳಿದರು. ಮಧ್ಯಾಹ್ನ ಕೂರುವುದು, ಎರಡು ಒತ್ತುವುದು, ಹೋಗುವಾಗ ಒಂದು ಒತ್ತುವುದು, ನಿನ್ನೆ ಬಾಗಿಲು ಸರಿಯಾಗಿ ಹಾಕದಿದ್ದದ್ದು. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ಮೂಗಿನ ಮೇಲೆ ಬೆವರಿತ್ತು. "ಅವಳು ಅಲ್ಲಿ ಬಂದು ಕೂರ್ತಾಳೆ ಅಂತ ನನಗೇನೂ ಭ್ರಮೆ ಇಲ್ಲ. ತಲೆ ಸರಿಯಾಗೇ ಇದೆ. ಆದ್ರೆ ಅವಳ ಅಳತೆ ಈ ಮನೇಲಿ ಇನ್ನೆಲ್ಲೂ ಉಳಿದಿಲ್ಲ ಕಣಮ್ಮ. ಸೀರೆ ಕೊಟ್ವಿ, ಚಪ್ಪಲಿ ಕೊಟ್ವಿ. ಕುರ್ಚಿಯೆಲ್ಲ ಎಲ್ಲರ ಅಳತೇದು. ಇದೊಂದು ಅವಳದ್ದು."

ಹನ್ನೊಂದು ತಿಂಗಳಿಂದ ದಿನಾ ಆ ಬಾಗಿಲು ತೆಗೆದು ಕೂತರೂ ಮಗಳ ಬೆರಳು ಎರಡನೇ ಗುಂಡಿಯ ಹತ್ತಿರ ಹೋಗಿರಲಿಲ್ಲ. ಯಾಕೆಂದು ಅವಳಿಗೂ ಗೊತ್ತಿತ್ತು. ಕೆಳತುಟಿ ಕಚ್ಚಿಕೊಂಡು ಫೋನು ತೆಗೆದು ಕೋಚಿಗೆ ಅರ್ಧ ಗಂಟೆ ತಡವಾಗುತ್ತದೆ ಎಂದಳು. ಆ ಕಡೆಯಿಂದ ಸೀಟಿ ಊದಿದರೋ ಏನೋ, "ಊದಿ ಸಾರ್, ಪರವಾಗಿಲ್ಲ," ಎಂದು ಇಟ್ಟುಬಿಟ್ಟಳು.

"ಏನು ದಾರಿ ಅಪ್ಪ?"

ಯಜಮಾನರು ಆಗಲೇ ಹಿಂದಿನ ಸಾಮಾನು ಕೋಣೆಯ ಕಡೆ ಹೊರಟಿದ್ದರು. ಅಂಗಡಿ ಮುಚ್ಚಿದಾಗ ಎಲ್ಲವನ್ನೂ ಕೊಟ್ಟರೂ ಒಂದು ತಗಡಿನ ಪೆಟ್ಟಿಗೆಯನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಬ್ಯಾಟರಿಯನ್ನು ಯಾವ ಕೆಲಸಕ್ಕೂ ಅಲ್ಲದೆ ವರ್ಷಗಟ್ಟಲೆ ಚಾರ್ಜಿನಲ್ಲಿ ಇಟ್ಟುಕೊಂಡಿದ್ದರು. ಅದಕ್ಕಾಗಿ ಟೀಚರಮ್ಮನ ಕೈಲಿ ಬೈಸಿಕೊಂಡದ್ದೂ ಉಂಟು. ಎರಡನ್ನೂ ಹೊತ್ತು ಬಂದರು. ಪೆಟ್ಟಿಗೆಯಿಂದ ಎರಡು ವೈರು ಹೊರಬಂದವು. ಎರಡಕ್ಕೂ ತುದಿಯಲ್ಲಿ ಹಲ್ಲಿನ ಕ್ಲಿಪ್ಪು. ಕೆಂಪು ವೈರಿನ ನಡುವೆ ಬೆರಳುಗುರಿನಷ್ಟು ಬಲ್ಬು.

ಅದನ್ನು ನೋಡಿದ್ದೇ ಮಗಳ ಮುಖ ಬದಲಾಯಿತು. "ಅಮ್ಮ ಹಿಡ್ಕೋತಿದ್ದಿದ್ದು!"

ಹೌದು. ಆಗಿನ ಕಾಲದ ಕಾರುಗಳಲ್ಲಿ ಗುಟ್ಟಿನ ಸಂಖ್ಯೆಯ ರೇಡಿಯೋ ಬರುತ್ತಿತ್ತು. ಬ್ಯಾಟರಿ ತೆಗೆದರೆ ಅದು ಮೂಕವಾಗಿ ಕೂರುತ್ತಿತ್ತು, ಸಂಖ್ಯೆ ಮರೆತ ಮಾಲೀಕರು ಯಜಮಾನರ ಪ್ರಾಣ ತಿನ್ನುತ್ತಿದ್ದರು. ಆಗ ಅವರೇ ಯೋಚಿಸಿ ಮಾಡಿದ ಉಪಾಯ ಇದು. ಗಾಡಿಯ ಬ್ಯಾಟರಿ ಬಿಚ್ಚುವಾಗ ಪಕ್ಕದಿಂದ ಇನ್ನೊಂದು ಚಿಕ್ಕದು ಗಾಡಿಗೆ ಗುಟುಕು ಗುಟುಕಾಗಿ ಕರೆಂಟು ಕುಡಿಸುತ್ತಿದ್ದರೆ ಗಾಡಿಗೆ ಏನಾಯಿತೆಂದೇ ತಿಳಿಯದು. ಆದರೆ ಒಂದು ತೊಡಕು. ಒಂದು ಕೈಗೆ ಸ್ಪ್ಯಾನರು, ಇನ್ನೊಂದು ಕೈಗೆ ಬ್ಯಾಟರಿ. ಬಿಚ್ಚಿದ ಕ್ಲಾಂಪಿನ, ಅಂದರೆ ಗಾಡಿಯ ವೈರಿನ ತುದಿಯ ಲೋಹದ ಬಳೆಯ, ಮೇಲೆ ಕ್ಲಿಪ್ಪು ಜಾರದಂತೆ ಹಿಡಿಯಲು ಮೂರನೆಯ ಕೈ ಬೇಕು. ಆಗ ವಾಸವಿದ್ದ, ಅಂಗಡಿಯ ಮೇಲಿನ ಮನೆಯಲ್ಲಿ ಟೀಚರಮ್ಮ ಉತ್ತರ ಪತ್ರಿಕೆ ತಿದ್ದುತ್ತಿರುತ್ತಿದ್ದಳು. "ಮೂರನೇ ಕೈ!" ಎಂದು ಕೆಳಗಿನಿಂದ ಕೂಗಿದರೆ ಕೆಂಪು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಇಳಿದು ಬರುತ್ತಿದ್ದಳು. ಆಸಿಡ್ಡು ಬಿದ್ದು ತೂತಾದ ಗಂಡನ ಅಂಗಿಯನ್ನು ನೋಡಿ, "ಇದೇನು ಜಗತ್ತಿನ ನಕ್ಷೆಯಾ? ಈ ತೂತು ಯಾವ ಸಮುದ್ರ?" ಎಂದು ಕೇಳುತ್ತಾ ಕ್ಲಿಪ್ಪು ಹಿಡಿದು ನಿಲ್ಲುತ್ತಿದ್ದಳು. ಕೈ ಮಾತ್ರ ಅಲುಗುತ್ತಿರಲಿಲ್ಲ.

ಟೆಕ್ನಿಷಿಯನ್ ವೈರನ್ನು ತಿರುಗಿಸಿ ನೋಡಿದಳು. "ಸಾರ್, ಇದು ಕಂಪನಿ ಪುಸ್ತಕದಲ್ಲಿ ಇಲ್ಲ. ಬಿಚ್ಚಿದ ಕ್ಲಾಂಪಿನಲ್ಲೂ ಕರೆಂಟಿರುತ್ತೆ. ಅಪ್ಪಿತಪ್ಪಿ ಕಾರಿನ ಮೈಗೆ ತಾಗಿದ್ರೆ ಫ್ಯೂಸು ಚಟ್. ಅದಕ್ಕೆ ಕಂಪನಿಗೆ ಜವಾಬು ಹೇಳೋಕೆ ನನ್ನಿಂದಾಗಲ್ಲ."

"ಅದಕ್ಕೇ ಈ ಟ್ಯೂಬು." ಯಜಮಾನರು ಪೆಟ್ಟಿಗೆಯಿಂದ ಹಳೇ ಸೈಕಲ್ ಟ್ಯೂಬಿನ ತುಂಡು ತೆಗೆದರು. "ಕ್ಲಾಂಪು ಮೇಲೆ ಬಂದ ಕೂಡ್ಲೇ ಇದನ್ನ ಸುತ್ತೋದು. ಹಾಳಾದ್ರೆ ನನ್ನ ತಲೆ ಮೇಲೆ. ಬೇಕಾದ್ರೆ ಬರೆದು ಕೊಡ್ತೀನಿ."

ಅವಳು ನಕ್ಕಳು. "ಬರೆದು ಕೊಡೋದು ಬೇಡ. ಈ ಬಲ್ಬು ಯಾಕಿದೆ ಹೇಳಿ ಸಾಕು. ಅದಿಲ್ದೆ ಇದ್ರೆ ಸತ್ತಿರೋ ಬ್ಯಾಟರಿ ಇದನ್ನ ಒಂದೇ ಗುಟುಕಿಗೆ ಕುಡಿದುಬಿಡುತ್ತೆ, ಅದಕ್ಕಲ್ವಾ? ನಮ್ಮ ಬಾಸ್‌ಗೂ ಇಷ್ಟು ಗೊತ್ತಿಲ್ಲ."

ಯಜಮಾನರು ವೈರುಗಳ ಒಂದು ತುದಿಯನ್ನು ಸಣ್ಣ ಬ್ಯಾಟರಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಕಪ್ಪು ಕ್ಲಿಪ್ಪನ್ನು ಕಾರಿನ ಬಾಡಿಯ ಬೋಲ್ಟಿಗೆ ಹಾಕಿದರು. ಕೆಂಪನ್ನು ಕ್ಲಾಂಪಿಗೆ ಕಚ್ಚಿಸಲು ಹೋದಾಗ ಕೈ ನಡುಗಿ, ಹಲ್ಲು ಲೋಹದ ಮೇಲೆ ಕಟಕಟ ಬಡಿಯಿತು. ಇನ್ನೊಮ್ಮೆ ಪ್ರಯತ್ನಿಸಿದರು. ಕ್ಲಿಪ್ಪಿನ ಬಾಯಿ ಹಳೇ ಕಾಲದ ದಪ್ಪ ಕ್ಲಾಂಪುಗಳಿಗೆ ಮಾಡಿದ್ದು, ಈ ತೆಳು ಕ್ಲಾಂಪಿನಲ್ಲಿ ತಾನಾಗಿ ನಿಲ್ಲುತ್ತಿರಲಿಲ್ಲ. ಯಜಮಾನರು ನೆಟ್ಟಗಾಗಿ ಕೈಯನ್ನು ಪಂಚೆಗೆ ಒರೆಸಿಕೊಂಡರು. ಆ ಕೈಯ ಮೇಲೆ ಅವರಿಗೆ ನಾಚಿಕೆಯಾಯಿತು.

"ನನ್ನ ಕೈ ನಂಬೋಕಾಗಲ್ಲ," ಎಂದರು.

ಮಗಳು ಬ್ಯಾಗನ್ನು ನೆಲದ ಮೇಲೆ ಇಟ್ಟು, ತೋಳು ಮಡಚಿ, ಮುಂದೆ ಬಂದಳು. "ಎಲ್ಲಿ ಹಿಡೀಬೇಕು ತೋರಿಸು."

"ಇಲ್ಲಿ. ಗಟ್ಟಿಯಾಗಿ ಹಿಡಿ, ಆದ್ರೆ ಅದುಮಬೇಡ. ಉಸಿರು ಬಿಡೋದು ಮರೀಬೇಡ. ನಿಮ್ಮಮ್ಮ ಮರೀತಿದ್ಲು, ಮುಗಿಯೋ ಹೊತ್ತಿಗೆ ಮುಖ ಬದನೆಕಾಯಿ ಆಗ್ತಿತ್ತು."

ಬಲ್ಬು ಜಗ್ಗನೆ ಹತ್ತಿತು. ಟೆಕ್ನಿಷಿಯನ್ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದಳು. ಬೆಳಕು ಕುಸಿದು, ಬೂದಿ ಮುಚ್ಚಿದ ಕೆಂಡದಷ್ಟು ಕೆಂಪಾಗಿ ಉಳಿಯಿತು. ಈಗ ಇಡೀ ಕಾರು ಆ ವೈರಿನ ಮೇಲೆ, ಮಗಳ ಎರಡು ಬೆರಳಿನ ಮೇಲೆ ನಿಂತಿತ್ತು. ಯಜಮಾನರು ಬಲ್ಬನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಪಾಸಿಟಿವ್ ನಟ್ಟು ಸಡಿಲವಾಯಿತು. ಕ್ಲಾಂಪು ಮೇಲೆ ಬಂತು, ಮಗಳ ಕೈಯೂ ಅದರ ಜೊತೆ ಮೇಲೆ ಬಂತು, ಯಜಮಾನರು ಟ್ಯೂಬಿನ ತುಂಡನ್ನು ಸುತ್ತಿದರು. ಟೆಕ್ನಿಷಿಯನ್ ಹಳೆಯದನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕಿಟ್ಟು, ಹೊಸದನ್ನು ಎತ್ತಿಕೊಳ್ಳಲು ತಿರುಗಿದಳು.

ಅಷ್ಟರಲ್ಲಿ ಬಲ್ಬು ಒಮ್ಮೆ ಮಿಣುಕಿತು. ಆರಿತೋ, ಕಣ್ಣು ರೆಪ್ಪೆ ಹೊಡೆದದ್ದೋ, ಯಜಮಾನರಿಗೆ ತಿಳಿಯಲಿಲ್ಲ. ನೋಡಿದಾಗ ಕೆಂಪು ಇದ್ದೇ ಇತ್ತು.

"ಜಾರ್ತಾ?"

"ಇಲ್ಲ ಅಪ್ಪ. ಇಲ್ಲ ಅನ್ಸುತ್ತೆ. ಬೆವರು ಬಂತು, ಸ್ವಲ್ಪ ಬೆರಳು ಸರಿಸಿದೆ."

ಹೊಸ ಬ್ಯಾಟರಿ ಕೂತಿತು. ಟ್ಯೂಬು ಬಿಚ್ಚಿ ಕ್ಲಾಂಪು ಇಳಿಸಿದರು, ನಟ್ಟು ಬಿಗಿಯಾಯಿತು. ನೆಗೆಟಿವ್ ಮುಟ್ಟಿಸಿದ ಕೂಡಲೇ ಬಲ್ಬು ಪಕ್ಕನೆ ಆರಿತು.

"ಅಪ್ಪಾ, ಆರೋಯ್ತು!" ಮಗಳು ಚೀರಿದಳು.

"ಆರ್ಲೇಬೇಕು ಕಣೇ. ಹೊಸದು ಭಾರ ಹೊತ್ಕೊಂಡ್ತು. ಇನ್ನು ಚಿಕ್ಕದಕ್ಕೆ ಕೆಲಸ ಇಲ್ಲ." ಯಜಮಾನರು ನಗಲು ನೋಡಿದರು. "ನಿಮ್ಮಮ್ಮನೂ ಮೊದಲ್ನೇ ಸಲ ಹೀಗೇ ಕಿರುಚಿದ್ಲು. ಆಮೇಲೂ ಪ್ರತಿಸಲ ಕಿರುಚ್ತಿದ್ಲು, ನನ್ನ ರೇಗಿಸೋಕೆ."

ಮಗಳು ಬೆರಳು ಬಿಡಿಸಿಕೊಂಡಳು. ಕ್ಲಿಪ್ಪಿನ ಹಲ್ಲಿನ ಗುರುತು ಹೆಬ್ಬೆರಳ ಮೇಲೆ ಕೆಂಪಗೆ ಎದ್ದಿತ್ತು.

ಕಾರು ಕಣ್ಣು ಬಿಟ್ಟಿತು. ದೀಪಗಳು ಮಿನುಗಿದವು, ಬಾಗಿಲುಗಳು ಟಕ್ ಎಂದವು. ಮಗಳು ಒಳಗೆ ಕೂತು ಬ್ರೇಕು ತುಳಿದು ಸ್ಟಾರ್ಟ್ ಗುಂಡಿ ಒತ್ತಿದಳು. ಪರದೆಯ ಮೇಲೆ ಗಡಿಯಾರ ಸರಿಯಾದ ಸಮಯ ತೋರಿಸಿತು.

"ಗಡಿಯಾರ ಉಳ್ಕೊಂಡಿದೆ!" ಎಂದಳು.

"ಅದನ್ನ ನೆಚ್ಚಬೇಡಿ ಮೇಡಂ," ಎಂದಳು ಟೆಕ್ನಿಷಿಯನ್, ಮನಸ್ಸಿಲ್ಲದ ಮನಸ್ಸಿನಿಂದ. "ಅದು ನಿಮ್ಮ ಫೋನಿಂದ ಟೈಮ್ ತಗೊಳುತ್ತೆ. ಗುಂಡಿ ಒತ್ತಿ ನೋಡಿದ್ರೇನೇ ಗೊತ್ತಾಗೋದು."

ಮಗಳ ಬೆರಳು ಬಾಗಿಲಿನ ಕಡೆ ಹೋಯಿತು. ಅಲ್ಲೇ ನಿಂತಿತು. ಅವಳು ಕಿಟಕಿಯಿಂದ ಅಪ್ಪನ ಮುಖ ನೋಡಿದಳು.

"ಒತ್ತಲಾ?"

ಯಜಮಾನರಿಗೆ ಆ ಮಿಣುಕು ನೆನಪಾಯಿತು. ಒತ್ತಿದಾಗ ಸೀಟು ಅಲುಗದಿದ್ದರೆ? ಒತ್ತದಿದ್ದರೆ ಕಡೇಪಕ್ಷ ಇದೆ ಅಂದುಕೊಂಡಾದರೂ ಇರಬಹುದು. ಅವರಿಗೆ ಹೆದರಿಕೆಯಾಗಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಆಗಿತ್ತು.

"ಬೇಡ, ಬೇಡ. ನಿನಗೆ ಹೊತ್ತಾಯ್ತು. ಅಷ್ಟು ಮುಂದೆ ಬಂದ್ರೆ ನಿನ್ನ ಮಂಡಿ ಸ್ಟಿಯರಿಂಗಿಗೆ ಬಡಿಯುತ್ತೆ. ಆಮೇಲೆ ನಿನಗೆ ವ್ಯಾಯಾಮ ಮಾಡಿಸೋರು ಯಾರು?"

ಟೆಕ್ನಿಷಿಯನ್ ಹಳೇ ಬ್ಯಾಟರಿಯನ್ನು ತನ್ನ ಗಾಡಿಗೆ ಹಾಕಿಕೊಂಡಳು. ಹೊರಡುವಾಗ ಯಜಮಾನರ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಸಾರ್, ಇನ್ಮೇಲೆ ಕೂರೋದಾದ್ರೆ ಸ್ಟಾರ್ಟ್ ಮಾಡಿಟ್ಕೊಂಡು ಕೂತ್ಕೊಳ್ಳಿ. ಆಗ ದೊಡ್ಡ ಬ್ಯಾಟರಿ ಚಿಕ್ಕದಕ್ಕೆ ತಿನ್ನಿಸ್ತಾನೇ ಇರುತ್ತೆ. ಎಷ್ಟು ಹೊತ್ತು ಕೂತ್ರೂ ಇಳಿಯಲ್ಲ."

"ಸ್ಟಾರ್ಟ್ ಮಾಡೋಕೆ ಆ ಸೀಟಲ್ಲಿ ಕೂರಬೇಕಲ್ಲಮ್ಮ, ಬ್ರೇಕು ತುಳಿಯೋಕೆ," ಎಂದರು ಯಜಮಾನರು. "ಅದು ನನ್ನ ಜಾಗ ಅಲ್ಲ."

ಅವಳು ತಲೆಯಾಡಿಸಿ ಹೊರಟಳು. ಮಗಳು ಕಾರಿನೊಳಗಿಂದ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕಾರು ಸದ್ದಿಲ್ಲದೆ ಗೇಟು ದಾಟಿ ಬೀದಿಯ ತಿರುವಿನಲ್ಲಿ ಮರೆಯಾಯಿತು.

ಅವತ್ತು ಮಧ್ಯಾಹ್ನ ಯಜಮಾನರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಊಟವಾದ ಮೇಲೆ ರೂಢಿಯಂತೆ ಅಂಗಳಕ್ಕೆ ಹೋಗಿ, ಕಾರು ನಿಲ್ಲುವ ಜಾಗದಲ್ಲಿ ಒಣಗಿದ ಎರಡು ಎಲೆ ಬಿದ್ದದ್ದನ್ನು ನೋಡಿ, ಕಾಲಿನಿಂದ ಸರಿಸಿ ವಾಪಸು ಬಂದರು. ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ಹಾಕಿದರು, ಮತ್ತೆ ತೆಗೆದು ಇನ್ನೂ ನೀಟಾಗಿ ಸುತ್ತಿದರು. ಬೆಳಿಗ್ಗೆ ಆ ಎರಡನೇ ಗುಂಡಿ ಒತ್ತಿಸುವ ಧೈರ್ಯ ಬಾರದೆ ಹೋದದ್ದಕ್ಕೆ ತಮ್ಮನ್ನು ತಾವೇ ಬೈದುಕೊಂಡರು. ಮಗಳು ಎಲ್ಲೋ ಸಿಗ್ನಲ್ಲಿನಲ್ಲಿ ಒತ್ತಿ ನೋಡಿರುತ್ತಾಳೆ, ಹೋಗಿದೆ ಎಂದು ತಿಳಿದಿರುತ್ತದೆ, ಹೇಗೆ ಹೇಳುವುದೆಂದು ಯೋಚಿಸುತ್ತಿರುತ್ತಾಳೆ ಎಂದುಕೊಂಡರು. ಎದುರುಮನೆಯ ಹೊಲಿಗೆಯಾಕೆ ಕಿಟಕಿಯಿಂದ, "ಏನು ಯಜಮಾನ್ರೇ, ಇವತ್ತು ಕಾರಿಲ್ವಾ?" ಎಂದು ಕೇಳಿದಾಗ ಅವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ದಿನ ಬಾಗಿಲು ಮೆಲ್ಲಗೆ ಹಾಕಿದ್ದೆಲ್ಲ ದಂಡ!

ಐದೂವರೆಗೆ ಕಾರು ಬಂತು. ಯಜಮಾನರು ಕುರ್ಚಿಯಿಂದ ಏಳಲಿಲ್ಲ, ಪತ್ರಿಕೆಯನ್ನು ಎತ್ತಿ ಹಿಡಿದರು. ಮಗಳು ಕಾರನ್ನು ಅದರ ಜಾಗದಲ್ಲಿ ನಿಲ್ಲಿಸಿದಳು, ಆದರೆ ತಕ್ಷಣ ಇಳಿಯಲಿಲ್ಲ. ಆಮೇಲೆ ಬಾಗಿಲು ತೆರೆದು, ಬ್ಯಾಗು ಹೆಗಲಿಗೇರಿಸಿ, ಬಾಗಿಲಿನ ಒಳಬದಿಗೆ ಕೈಹಾಕಿ ಏನೋ ಮಾಡಿ, ಬಾಗಿಲನ್ನು ಇಡೀ ಬೀದಿಗೆ ಕೇಳುವಂತೆ ಧಡ್ ಎಂದು ಹಾಕಿದಳು. ಆ ಕಡೆಗೆ ಸುತ್ತಿ ಬಂದು ಪಕ್ಕದ ಸೀಟಿನ ಬಾಗಿಲು ತೆಗೆದು, ಹಾಗೇ ಬಿಟ್ಟಳು.

"ಸ್ಟಾರ್ಟಲ್ಲೇ ಬಿಟ್ಟಿದ್ದೀನಿ," ಎಂದಳು ಮೆಟ್ಟಿಲು ಹತ್ತುತ್ತಾ. ಅಪ್ಪನ ಮುಖ ನೋಡಲಿಲ್ಲ, ದನಿ ಮಾತ್ರ ಸ್ವಲ್ಪ ಒಡೆದಿತ್ತು. "ನನಗೆ ಒಳಗೆ ಒಂದು ಗಂಟೆ ಕೆಲಸ ಇದೆ. ಆಮೇಲೆ ಬಂದು ಆಫ್ ಮಾಡ್ತೀನಿ."

ಯಜಮಾನರು ಪತ್ರಿಕೆಯನ್ನು ಕುರ್ಚಿಯ ಮೇಲೆ ಬಿಟ್ಟು ಅಂಗಳಕ್ಕಿಳಿದರು. ಚಪ್ಪಲಿ ಹಾಕಿಕೊಳ್ಳುವುದು ಮರೆತಿತ್ತು. ತೆರೆದ ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಆ ಗುಂಯ್ ಸದ್ದು ಕೇಳಿಸಿತು. ಬಗ್ಗಿ ನೋಡಿದರು. ಒಳಗೆ ಯಾರೂ ಇರಲಿಲ್ಲ. ಸೀಟು ಇನ್ನೂ ಮುಂದೆ ಹೋಗುತ್ತಲೇ ಇತ್ತು, ಮೇಲೆ ಏಳುತ್ತಲೇ ಇತ್ತು. ಸ್ಟಿಯರಿಂಗಿಗೆ ತೀರಾ ಹತ್ತಿರ ಬಂದು, ಕೂದಲೆಳೆಯಷ್ಟು ಇನ್ನೂ ಮೇಲೆದ್ದು, ನಿಂತಿತು.